ಎಸ್‌ಟಿಪಿ ಸ್ಲಡ್ಜಿಂದ ಬಯೋಚಾರ್ ಮಾಡಿ ಕಾರ್ಬನ್ ಹಿಡಿಯೋದು ಹೇಗೆ: ಕೋಲಾರದ ಕಡೆಯವರಿಗೆ ಒಂದು ಮಾರ್ಗದರ್ಶಿ

ನಮ್ಮ ಕೋಲಾರ ಜಿಲ್ಲೇಲಿ ಕೊಳಚೆ ನೀರಿನ ವಿಷಯ ಬಂತು ಅಂದ್ರೆ ಮಾತು ಸೀದಾ ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತರೋ ಕೆ.ಸಿ. ವ್ಯಾಲಿ ಯೋಜನೆಗೇ ಹೋಗತ್ತೆ. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬಿದ್ದಾಗಿಂದ ಆ ನೀರು ಒಳ್ಳೇದಾ ಕೆಟ್ಟದ್ದಾ, ಮೂರನೇ ಹಂತದ ಶುದ್ಧೀಕರಣ ಬೇಕಾ ಬೇಡ್ವಾ ಅನ್ನೋ ಚರ್ಚೆ ನಡೀತಾನೇ ಇದೆ, ಅತ್ತ ಚಿಕ್ಕಬಳ್ಳಾಪುರದ ಕಡೆ ಎಚ್.ಎನ್. ವ್ಯಾಲಿ ನೀರಿಗೂ ಇದೇ ಕಥೆ. ನೀರಿನ ಬಗ್ಗೆ ಇಷ್ಟೆಲ್ಲ ಮಾತಾಡೋ ನಾವು ನೀರು ಶುದ್ಧ ಮಾಡಿದ್ಮೇಲೆ ತಳದಲ್ಲಿ ಉಳಿಯೋ ಕೆಸರು, ಅಂದ್ರೆ ಸ್ಲಡ್ಜ್, ಎಲ್ಲಿಗೆ ಹೋಗತ್ತೆ ಅಂತ ಕೇಳೋದೇ ಇಲ್ಲ. ಕೆ.ಸಿ. ವ್ಯಾಲಿ ನೀರಿನ ಸ್ಲಡ್ಜ್ ಬೆಂಗಳೂರಿನ ಪ್ಲಾಂಟ್‌ಗಳಲ್ಲೇ ಉಳಿಯತ್ತೆ ಬಿಡಿ, ಆದ್ರೆ ನಮ್ಮೂರಿನ ಯುಜಿಡಿ (ಒಳಚರಂಡಿ), ಹಾಸ್ಟೆಲ್ಲು, ಆಸ್ಪತ್ರೆ, ಕಾರ್ಖಾನೆ ಕ್ಯಾಂಟೀನು, ಹೊಸ ಲೇಔಟ್‌ಗಳ ಸಣ್ಣ ಸಣ್ಣ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ), ಮನೆ ಪಿಟ್ಟುಗಳಿಂದ ಸಕ್ಕಿಂಗ್ ಗಾಡಿ ಎಳ್ಕೊಂಡು ಹೋಗೋದು, ಇವೆಲ್ಲದರ ಸ್ಲಡ್ಜ್ ನಮ್ಮದೇ ತಲೆನೋವು.

ಇದನ್ನ ಒಣಗಿಸಿ, ಗಾಳಿ ಆಡದ ಹಾಗೆ ಸುಟ್ಟು ಇದ್ದಿಲು ಥರ ಮಾಡಿದ್ರೆ ಅದೇ ಬಯೋಚಾರ್. ಇದನ್ನ ಇಂಜಿನಿಯರಿಂಗ್ ಕಾಲೇಜಿನ ಪ್ರಾಜೆಕ್ಟ್ ಮಾಡೋ ಹುಡುಗ ಹುಡುಗೀರು, ಎಸ್‌ಟಿಪಿ ನೋಡ್ಕೊಳ್ಳೋರು, ಪಂಚಾಯ್ತಿ ಪುರಸಭೆಯಲ್ಲಿ ಆಸಕ್ತಿ ಇರೋರು ಓದ್ಲಿ ಅಂತ ಬರೀತಿದೀನಿ, ಮನೆ ಹಿತ್ತಲಲ್ಲಿ ಮಾಡೋ ಕೆಲಸ ಅಲ್ಲ ಇದು.

ಕೆಲಸಕ್ಕೆ ಇಳಿಯೋ ಮೊದಲು ಒಂದು ವಿಷಯ ತಲೇಲಿ ಸ್ಪಷ್ಟ ಇರಬೇಕು, ಯಾಕಂದ್ರೆ ಇಲ್ಲೇ ತುಂಬಾ ಜನ ಗೊಂದಲ ಮಾಡ್ಕೋತಾರೆ. ಬಯೋಚಾರ್ ಕಾರ್ಬನ್ ಹಿಡಿಯತ್ತೆ ಅಂದ್ರೆ ಅದರಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ಸ್ಲಡ್ಜಲ್ಲಿ ಆಗ್ಲೇ ಇರೋ ಕಾರ್ಬನ್ ಕೊಳೆತು ಗಾಳಿಗೆ ಹೋಗದ ಹಾಗೆ ಗಟ್ಟಿ ರೂಪದಲ್ಲಿ ಕಟ್ಟಿ ಹಾಕೋದು. ಇನ್ನೊಂದು, ರೆಡಿ ಆದ ಚಾರ್‌ನ ಸಣ್ಣ ಸಣ್ಣ ರಂಧ್ರಗಳಲ್ಲಿ ಹೊರಗಿನ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಅಂಟಿಸ್ಕೊಳ್ಳೋದು. ಮೊದಲನೇದು ಒಂದ್ಸಲ ಮಾಡಿದ್ರೆ ದೀರ್ಘಕಾಲ ಉಳಿಯತ್ತೆ. ಎರಡನೇದು ಬಿಸಿ ಮಾಡಿದ್ರೆ ವಾಪಸ್ ಬಿಟ್ಟುಬಿಡತ್ತೆ. ಎರಡೂ ಉಪಯೋಗದ್ದೇ, ಆದ್ರೆ ಎರಡನ್ನೂ ಒಂದೇ ಲೆಕ್ಕದಲ್ಲಿ ಕೂಡಿಸಬಾರದು.

ಮೊದಲ ಹೆಜ್ಜೆ: ಸ್ಲಡ್ಜ್ ಎಲ್ಲಿಂದ ಬಂತು ಅಂತ ತಿಳ್ಕೊಳ್ಳಿ

ಮನೆ, ಹಾಸ್ಟೆಲ್ ಶೌಚಾಲಯದ ನೀರಿನ ಸ್ಲಡ್ಜ್ ಬೇರೆ, ಕಾರ್ಖಾನೆಯ ಕೆಮಿಕಲ್ ನೀರು ಶುದ್ಧ ಮಾಡಿದ ಸ್ಲಡ್ಜ್ ಬೇರೆ. ಎರಡನೇದು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿ ಬರತ್ತೆ, ಅದಕ್ಕೆ ಕೈ ಹಾಕೋದೇ ಬೇಡ. ನರಸಾಪುರ, ವೇಮಗಲ್, ಮಾಲೂರಿನಂಥ ಕೈಗಾರಿಕಾ ಪ್ರದೇಶದಿಂದ ತರೋದಾದ್ರೆ ಕ್ಯಾಂಟೀನು ಶೌಚಾಲಯದ ಎಸ್‌ಟಿಪಿ ಲೈನು, ಕಾರ್ಖಾನೆಯ ಕೆಮಿಕಲ್ ನೀರು ಶುದ್ಧ ಮಾಡೋ ಇಟಿಪಿ ಲೈನು ಎರಡೂ ಪೂರ್ತಿ ಬೇರೆ ಇದೆಯಾ ಅಂತ ಕೇಳಿ, ಡ್ರಾಯಿಂಗ್ ತೋರಿಸಿ ಅನ್ನಿ. ಬಾಯಿಮಾತಲ್ಲಿ ಹೇಳಿದ್ರೆ ಸಾಲಲ್ಲ.

ಆಮೇಲೆ ಒಂದು ಸ್ಯಾಂಪಲ್‌ನ ಲ್ಯಾಬಿಗೆ ಕೊಟ್ಟು ಭಾರಲೋಹ ಟೆಸ್ಟ್ ಮಾಡಿಸ್ಲೇಬೇಕು. ಚಾರ್ ಮಾಡಿದಾಗ ಸೀಸ, ತಾಮ್ರ, ಕ್ರೋಮಿಯಂ, ನಿಕಲ್ ಹೆಚ್ಚುಕಮ್ಮಿ ಅಲ್ಲೇ ಉಳೀತವೆ, ತೂಕ ಅರ್ಧ ಆದ್ರೆ ಅವುಗಳ ಪ್ರಮಾಣ ಕೆಜಿಗೆ ಡಬಲ್ ಆಗತ್ತೆ. ಪಾದರಸ ಬಿಸಿಗೆ ಹೊಗೆ ಜೊತೆ ಹಾರಿಹೋಗತ್ತೆ, ಕ್ಯಾಡ್ಮಿಯಂ ಕೂಡ ಶಾಖ ಜಾಸ್ತಿ ಆದಷ್ಟೂ ಹೋಗತ್ತೆ, ಅದು ಇನ್ನೂ ಕೆಟ್ಟದ್ದು. ಹೋಲಿಸೋಕೆ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ನಗರ ಕಾಂಪೋಸ್ಟ್‌ಗೆ ಕೊಟ್ಟಿರೋ ಮಿತಿ ಇದೆ: ಕೆಜಿಗೆ ಕ್ಯಾಡ್ಮಿಯಂ 5 ಮಿಲಿಗ್ರಾಂ, ಕ್ರೋಮಿಯಂ 50, ನಿಕಲ್ 50, ಸೀಸ 100, ತಾಮ್ರ 300, ಸತು 1000. ನಿಮ್ಮ ಸ್ಲಡ್ಜಲ್ಲೇ ಇದರ ಅರ್ಧಕ್ಕಿಂತ ಜಾಸ್ತಿ ಇದ್ರೆ ಬೇರೆ ಏನೂ ಬೆರೆಸದೆ ಚಾರ್ ಮಾಡಿದ್ರೆ ಮಿತಿ ದಾಟೋದು ಹೆಚ್ಚುಕಮ್ಮಿ ಖಚಿತ ಅಂದ್ಕೊಳ್ಳಿ. ಸತು, ತಾಮ್ರ ಈ ಎರಡು ಸಾಮಾನ್ಯವಾಗಿ ತೊಂದರೆ ಕೊಡೋದು.

ಸ್ಲಡ್ಜ್ ಯಾರ ಎಸ್‌ಟಿಪಿದೋ ಅವರ ಲಿಖಿತ ಒಪ್ಪಿಗೆ ತಗೊಳ್ಳಿ, ಪ್ರಾಜೆಕ್ಟ್ ಮಟ್ಟ ದಾಟಿ ದೊಡ್ಡದಾಗಿ ಮಾಡೋದಾದ್ರೆ ಮಾಲಿನ್ಯ ನಿಯಂತ್ರಣ ಮಂಡಳಿ ಹತ್ರ ಮೊದಲೇ ಮಾತಾಡಿ. ಮತ್ತೆ ಯಾರನ್ನೂ, ಯಾವ ಕಾರಣಕ್ಕೂ, ಪಿಟ್ಟು ಮ್ಯಾನ್‌ಹೋಲ್ ಒಳಗೆ ಇಳಿಸ್ಬೇಡಿ. ಮಲ ಹೊರೋ ಪದ್ಧತಿ ನಿಷೇಧಿಸಿರೋ 2013ರ ಕಾಯ್ದೆ ಪ್ರಕಾರ ಅದು ಅಪರಾಧ, ಒಳಗಿರೋ ಹೈಡ್ರೋಜನ್ ಸಲ್ಫೈಡ್ ಒಂದೆರಡು ಉಸಿರಲ್ಲೇ ಜ್ಞಾನ ತಪ್ಪಿಸತ್ತೆ. ಸ್ಯಾಂಪಲ್ ಬೇಕಾದ್ರೆ ಮೇಲಿಂದ ಪಂಪಲ್ಲಿ ತೆಗೀರಿ.

ಎರಡನೇ ಹೆಜ್ಜೆ: ಒಣಗಿಸೋದು, ಇದೇ ಅರ್ಧ ಕೆಲಸ

ಸ್ಲಡ್ಜಿನ ನೀರು ಹಿಂಡೋ ಫಿಲ್ಟರ್ ಪ್ರೆಸ್ ಇಲ್ಲಾ ಸೆಂಟ್ರಿಫ್ಯೂಜಿಂದ ಹೊರಗೆ ಬಿದ್ದ ಸ್ಲಡ್ಜ್, ಅಂದ್ರೆ ಕೇಕ್, ನೋಡೋಕೆ ಗಟ್ಟಿ ಕಾಣತ್ತೆ, ಆದ್ರೆ ಅದರಲ್ಲಿ ಇನ್ನೂ ಹತ್ತಿರ ಹತ್ತಿರ 80 ಪರ್ಸೆಂಟ್ ನೀರೇ. 100 ಕೆಜಿ ಕೇಕ್ ತಂದ್ರೆ ಒಣ ಪದಾರ್ಥ 20 ಕೆಜಿ ಅಷ್ಟೇ. ಈಗ ಲೆಕ್ಕ ಹಾಕಿ: ಒಂದು ಕೆಜಿ ನೀರು ಆವಿ ಮಾಡೋಕೆ ನೀರು ಬಿಸಿ ಮಾಡೋದೂ ಸೇರಿ ಸುಮಾರು 2.6 ಮೆಗಾಜೌಲ್ ಶಾಖ ಬೇಕು, 80 ಕೆಜಿಗೆ 200 ದಾಟತ್ತೆ. ಒಣ ಸ್ಲಡ್ಜ್ ಸುಟ್ರೆ ಸಿಗೋದು ಕೆಜಿಗೆ 10ರಿಂದ 15 ಮೆಗಾಜೌಲ್, ಅಂದ್ರೆ 20 ಕೆಜಿಗೆ 200ರಿಂದ 300. ಸೌದೆ ಗ್ಯಾಸು ಉರಿಸಿ ಒಣಗಿಸೋಕೆ ಹೋದ್ರೆ ಸ್ಲಡ್ಜಲ್ಲಿರೋ ಶಕ್ತಿ ಬಹುಪಾಲು ಅದರ ನೀರು ತೆಗೆಯೋಕೇ ಸರಿಹೋಯ್ತು, ಕಾರ್ಬನ್ ಉಳಿಸೋ ಮಾತೇ ಇಲ್ಲ. ಆದ್ರಿಂದ ನಮ್ಮ ಬಯಲುಸೀಮೆ ಬಿಸಿಲಿಗೆ ಬಿಡಿ. ಜನವರಿಯಿಂದ ಮೇ ತನಕ ನಮಗೆ ಬಿಸಿಲಿಗೆ ಏನು ಕಮ್ಮಿ!

ಒಣಗಿಸೋ ಬೆಡ್ ಹೀಗೆ ಮಾಡಿ. ತಳಕ್ಕೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಮರಳು, ತಳದಲ್ಲಿ ತೂತಿರೋ ಪೈಪು. ಇಳಿಯೋ ನೀರು ವಾಪಸ್ ಎಸ್‌ಟಿಪಿಗೇ ಹೋಗಬೇಕು, ಚರಂಡಿಗೆ ಬಿಡಬಾರದು. ತೆಳು ಸ್ಲಡ್ಜ್ ಆದ್ರೆ 20 ಸೆಂಟಿಮೀಟರ್ ಎತ್ತರಕ್ಕೆ ಬಿಟ್ರೆ ಒಳ್ಳೇ ಬಿಸಿಲಲ್ಲಿ ಎರಡು ವಾರಕ್ಕೆಲ್ಲ ಬಿರುಕು ಬಿಟ್ಟು ಸಲಿಕೆಗೆ ಸಿಗೋ ಹಾಗಾಗತ್ತೆ, ಕೇಕ್ ಆದ್ರೆ ನಾಲ್ಕೈದು ಸೆಂಟಿಮೀಟರ್ ಹರಡಿ ದಿನಕ್ಕೊಂದ್ಸಲ ಹಲುಬೆ ಥರದ್ದರಲ್ಲಿ ತಿರುವಿ ಹಾಕಿ. ಮೇಲ್ಗಡೆ ಒಣಗಿದ ಪದರ ಕೂತ್ಕೊಂಡು ಕೆಳಗಿನ ನೀರು ಹೊರಗೆ ಬರೋಕೆ ಬಿಡಲ್ಲ, ಅದಕ್ಕೇ ಈ ತಿರುವೋದು. ಮಳೆಗಾಲಕ್ಕೆ ನಮ್ಮ ಕಡೆ ಪಾಲಿಹೌಸ್‌ಗಳಲ್ಲಿ ಬದಲಾಯಿಸಿ ತೆಗೆದುಹಾಕಿದ ಶೀಟ್ ಬೇಕಾದಷ್ಟು ಸಿಗತ್ತೆ, ಕ್ಯಾಪ್ಸಿಕಂ ಬೆಳೆಯೋರನ್ನ ಕೇಳಿ ನೋಡಿ. ಅದನ್ನ ಕಮಾನಿಗೆ ಎಳೆದು ಕಟ್ಟಿ ಎರಡೂ ತುದಿ ಗಾಳಿಗೆ ಬಿಟ್ಟುಬಿಡಿ.

ಒಣಗಿದ್ದು ಸಾಕಾ ಅಂತ ನೋಡೋಕೆ ಒಂದು ಹೆಂಟೆ ಎತ್ತಿ ಗ್ಲೌಸ್ ಹಾಕಿರೋ ಕೈಯಲ್ಲಿ ಮುರೀರಿ. ಟಕ್ ಅಂತ ಮುರಿದು ಒಳಗಡೆನೂ ಹೊರಗಿನ ಬಣ್ಣವೇ ಇದ್ರೆ ಸರಿ. ಬಗ್ಗಿ, ನಡುವೆ ಕಪ್ಪಗೆ ಮಿಂಚ್ತಾ ಇದ್ರೆ ಇನ್ನೂ ನೀರಿದೆ. ಪಕ್ಕಾ ಬೇಕು ಅಂದ್ರೆ 100 ಗ್ರಾಂ ತೂಗಿ 105 ಡಿಗ್ರಿ ಓವನ್‌ನಲ್ಲಿ ರಾತ್ರಿಯೆಲ್ಲ ಇಟ್ಟು ಮತ್ತೆ ತೂಗಿ, 85 ಗ್ರಾಂಗಿಂತ ಜಾಸ್ತಿ ಉಳಿದ್ರೆ ಮುಂದಿನ ಹೆಜ್ಜೆಗೆ ರೆಡಿ.

ಈ ಹಂತದಲ್ಲಿ ಜಂತುಹುಳದ ಮೊಟ್ಟೆ ಇನ್ನೂ ಜೀವಂತ ಇರತ್ತೆ, ಬಿಸಿಲಿಗೆಲ್ಲ ಅದು ಬೇಗ ಸಾಯಲ್ಲ. ಗಮ್‌ಬೂಟು, ಗ್ಲೌಸು, ಧೂಳೆದ್ದಾಗ ಮಾಸ್ಕು, ಕೆಲಸ ಮುಗಿದ ತಕ್ಷಣ ಸೋಪು ಹಾಕಿ ಕೈ ತೊಳೆಯೋದು. ಬೆಡ್ ಸುತ್ತ ಬೇಲಿ ಹಾಕಿ, ಕೋಳಿ ಮೇಕೆ ಮಕ್ಕಳು ಬರಬಾರದು.

ಒದ್ದೆ ಸ್ಲಡ್ಜ್‌ನ ಗುಂಡಿಗೆ ಸುರಿದು ಬಿಟ್ರೆ ಗಾಳಿ ಇಲ್ಲದೆ ಕೊಳೆತು ಮೀಥೇನ್ ಬರತ್ತೆ, ನೂರು ವರ್ಷದ ಲೆಕ್ಕದಲ್ಲಿ ಅದು ಕಾರ್ಬನ್ ಡೈಆಕ್ಸೈಡ್‌ಗಿಂತ 27 ಪಟ್ಟಿಗೂ ಜಾಸ್ತಿ ಶಾಖ ಹಿಡಿಯೋ ಗ್ಯಾಸ್. ಅಂದ್ರೆ ಬೇಗ ಒಣಗಿಸಿದ್ದರಲ್ಲೇ ಒಂದು ದೊಡ್ಡ ಲಾಭ ಆಗ್ಲೇ ಬಂದಾಯ್ತು.

ಮೂರನೇ ಹೆಜ್ಜೆ: ಬೆರಕೆ

ಬರೀ ಸ್ಲಡ್ಜ್ ಸುಟ್ರೆ ಬರೋ ಚಾರ್‌ನಲ್ಲಿ ಬೂದಿ ಅಂಶ ಅರ್ಧಕ್ಕಿಂತ ಜಾಸ್ತಿ, ಕಾರ್ಬನ್ ಕಾಲು ಭಾಗದ ಆಸುಪಾಸು. ತೆಂಗಿನ ಚಿಪ್ಪಿನ ಇದ್ದಿಲಲ್ಲಿ ಮುಕ್ಕಾಲಿಗಿಂತ ಜಾಸ್ತಿ ಕಾರ್ಬನ್ ಇರತ್ತೆ, ಅದಕ್ಕೆ ಇದನ್ನ ಹೋಲಿಸೋಕೇ ಆಗಲ್ಲ. ಆದ್ರಿಂದ ನಮ್ಮಲ್ಲಿ ಸಿಗೋ ಒಣ ಕಸ ಸೇರಿಸಿ. ನನ್ನ ಮಟ್ಟಿಗೆ ಕೋಲಾರ ಚಿಕ್ಕಬಳ್ಳಾಪುರಕ್ಕೆ ಹಿಪ್ಪುನೇರಳೆ ಕಡ್ಡಿಗಿಂತ ಒಳ್ಳೇದು ಇಲ್ಲ, ರೇಷ್ಮೆ ಹುಳ ಸೊಪ್ಪು ತಿಂದ್ಮೇಲೆ ಉಳಿಯೋ ಕಡ್ಡಿ ಪ್ರತಿ ಬೆಳೆಗೂ ರಾಶಿ ಬೀಳತ್ತೆ. ತುಮಕೂರಿನವರಾದ್ರೆ ತಿಪಟೂರು ಕಡೆ ತೆಂಗಿನ ಚಿಪ್ಪು, ಪಾವಗಡ ಕಡೆ ಕಡ್ಲೆಕಾಯಿ ಸಿಪ್ಪೆ. ಬಳ್ಳಾರಿ ಜಾಲಿನೂ ನಡೆಯತ್ತೆ. ತೂಕದಲ್ಲಿ ಅರ್ಧಕ್ಕರ್ಧ ಹಾಕಿ, ಇದರಿಂದ ಲೋಹದ ಪ್ರಮಾಣನೂ ಕಮ್ಮಿ ಆಗತ್ತೆ, ಬೆಂಕಿನೂ ಚೆನ್ನಾಗಿ ಹಿಡಿಯತ್ತೆ.

ಪ್ಲಾಸ್ಟಿಕ್ ಒಂದು ಚೂರೂ ಬಿಡದೆ ಆರಿಸಿ. ಪಿಟ್ಟಿಂದ ಬಂದ ಸ್ಲಡ್ಜಲ್ಲಿ ಸ್ಯಾನಿಟರಿ ಪ್ಯಾಡು, ಶಾಂಪೂ ಸ್ಯಾಷೆ, ಪಿವಿಸಿ ಚೂರು ಎಲ್ಲ ಇರತ್ತೆ. ಕ್ಲೋರಿನ್ ಇರೋ ಪ್ಲಾಸ್ಟಿಕ್ ಬೆಂಕಿಗೆ ಬಿದ್ರೆ ಡಯಾಕ್ಸಿನ್ ಅನ್ನೋ ಕಡು ವಿಷ ಹುಟ್ಟೋ ಅಪಾಯ ಇದೆ, ಹುಡುಗಾಟ ಅಲ್ಲ ಅದು.

ನಾಲ್ಕನೇ ಹೆಜ್ಜೆ: ಡ್ರಮ್ಮು, ಬೆಂಕಿ

ಸಣ್ಣ ಮಟ್ಟಕ್ಕೆ ಡಬಲ್ ಡ್ರಮ್ ಸಾಕು. 200 ಲೀಟರ್ ಡ್ರಮ್ ಒಳಗೆ ಇನ್ನೊಂದು ಸಣ್ಣ ಡ್ರಮ್, ಒಳಗಿನದಕ್ಕೆ ಮುಚ್ಚಳ ಬಿಗಿಯಾಗಿ ಕೂರಬೇಕು, ತಳದ ಹತ್ರ ಬೆರಳು ಗಾತ್ರದ ಎರಡು ಮೂರು ತೂತು ಮಾತ್ರ. ಮಾಲು ಒಳಗಿನ ಡ್ರಮ್ಮಿಗೆ, ಸೌದೆ ಎರಡರ ಮಧ್ಯದ ಜಾಗಕ್ಕೆ. ಹೊರಗಿನ ಡ್ರಮ್ಮಿಗೆ ಕೆಳಗೆ ಗಾಳಿ ಕಿಂಡಿ, ಮೇಲೆ ಎತ್ತರದ ಚಿಮಣಿ. ಪೇಂಟು, ಕೆಮಿಕಲ್ ತುಂಬಿದ್ದ ಡ್ರಮ್ ತರಬೇಡಿ.

ಹೊರಗಿನ ಸೌದೆ ಹತ್ತಿಸಿದ್ಮೇಲೆ ಮೊದಲು ಬರೋದು ಬಿಳಿ ಆವಿ, ಉಳಿದ ನೀರು ಅದು. 300 ಡಿಗ್ರಿ ದಾಟ್ತಾ ಇದ್ದ ಹಾಗೆ ಒಳಗಿನ ಡ್ರಮ್ಮಿನ ತೂತಿಂದ ಹಳದಿ ಹೊಗೆ ಬರೋಕೆ ಶುರುವಾಗತ್ತೆ, ಆ ಹೊಗೆ ಸುತ್ತ ಉರೀತಿರೋ ಬೆಂಕಿಗೆ ಸಿಕ್ಕಿ ತಾನೇ ಉರಿಯಬೇಕು, ಅದಕ್ಕೇ ತೂತು ಕೆಳಗಡೆ ಇರಬೇಕು ಅಂದಿದ್ದು. ಸ್ಲಡ್ಜ್ ಹೊಗೆಯಲ್ಲಿ ಅಮೋನಿಯಾ, ಹೈಡ್ರೋಜನ್ ಸಲ್ಫೈಡ್, ಸ್ವಲ್ಪ ಹೈಡ್ರೋಜನ್ ಸಯನೈಡ್ ಕೂಡ ಇರತ್ತೆ, ಉರಿಯದೆ ಹೊರಗೆ ಬಂದ್ರೆ ನಾತ ಮಾತ್ರ ಅಲ್ಲ ವಿಷನೂ ಹೌದು. ಹೊಗೆ ಉರೀತಿಲ್ಲ ಅನ್ಸಿದ್ರೆ ತಕ್ಷಣ ಹೊರಗಡೆ ಒಣ ಕಡ್ಡಿ ಹಾಕಿ ಬೆಂಕಿ ಏರಿಸಿ, ಹೊಗೆ ಹೋಗೋ ಕಡೆ ಅಲ್ಲ, ಗಾಳಿ ಬೀಸಿ ಬರೋ ಕಡೆ ನಿಂತ್ಕೊಳ್ಳಿ, ಶೆಡ್ ಒಳಗೆ ಈ ಕೆಲಸ ಮಾಡ್ಲೇಬೇಡಿ.

ಕೆ ಟೈಪ್ ಥರ್ಮೋಕಪಲ್ (ಜಾಸ್ತಿ ಶಾಖ ಅಳೆಯೋ ಸಾಧನ) ಒಂದನ್ನ ಒಳಗಿನ ಡ್ರಮ್ಮಿಗೆ ಇಳಿಬಿಡಿ, ಹೆಚ್ಚು ಬೆಲೆ ಏನಿಲ್ಲ, ಇಲ್ಲದೆ ಮಾಡಿದ್ರೆ ಬರೀ ಅಂದಾಜು. 500ರಿಂದ 600 ಡಿಗ್ರಿಲಿ ಒಂದು ಗಂಟೆ ನಿಲ್ಲಿಸೋದು ಗುರಿ. 400ರಲ್ಲಿ ನಿಲ್ಲಿಸಿದ್ರೆ ಚಾರ್ ಜಾಸ್ತಿ ಸಿಗತ್ತೆ ಆದ್ರೆ ಕಾರ್ಬನ್ ಗಟ್ಟಿ ಆಗಿರಲ್ಲ, ಮಣ್ಣಲ್ಲಿ ಬೇಗ ಕೊಳೆಯತ್ತೆ, ರಂಧ್ರನೂ ಕಮ್ಮಿ. ತೂತಿನ ಹತ್ರ ಉರಿ ತಾನಾಗೇ ಸಣ್ಣಗಾಗಿ ನಿಂತ್ರೆ ಒಳಗಿನ ಗ್ಯಾಸ್ ಮುಗೀತು ಅಂತ.

ಆಮೇಲೆ ಎಲ್ಲ ಕಿಂಡಿನೂ ಹಸಿ ಮಣ್ಣು ಮೆತ್ತಿ ಮುಚ್ಚಿ ಮಾರನೇ ದಿನದ ತನಕ ಮುಟ್ಟಬೇಡಿ. ಬಿಸಿ ಇದ್ದಾಗ ತೆಗೆದ್ರೆ ಗಾಳಿ ತಗುಲಿದ ತಕ್ಷಣ ಒಳಗಿನ ಚಾರ್ ಕೆಂಡ ಆಗಿ ನೋಡ್ತಾ ನೋಡ್ತಾ ಬೂದಿ ಆಗೋಗತ್ತೆ.

ಒಳ್ಳೇ ಸ್ಲಡ್ಜ್ ಚಾರ್ ಕಪ್ಪಗೆ ಇರತ್ತೆ, ತೆಂಗಿನ ಇದ್ದಿಲಿನ ಮಿಂಚು ಇರಲ್ಲ, ಬೆರಳಲ್ಲಿ ಉಜ್ಜಿದ್ರೆ ನುಣ್ಣಗೆ ಪುಡಿ ಆಗತ್ತೆ, ಸುಟ್ಟ ಮಣ್ಣಿನ ವಾಸನೆ ಬಿಟ್ರೆ ಬೇರೆ ನಾತ ಇರಬಾರದು. ಟಾರಿನ ಥರ ಅಂಟು ಇದ್ರೆ ಮತ್ತೆ ಸುಡಿ.

ಲೆಕ್ಕ ಎಷ್ಟು ಬರತ್ತೆ

ಬೆರಕೆ ಬಿಟ್ಟು ಸ್ಲಡ್ಜಿಂದು ಮಾತ್ರ ಹೇಳ್ತೀನಿ. 100 ಕೆಜಿ ಕೇಕ್, 20 ಕೆಜಿ ಒಣ ಸ್ಲಡ್ಜ್, ಸುಮಾರು 10 ಕೆಜಿ ಚಾರ್, ಅದರಲ್ಲಿ 2.5 ಕೆಜಿ ಕಾರ್ಬನ್. ಒಂದು ಕೆಜಿ ಕಾರ್ಬನ್ ಅಂದ್ರೆ 3.67 ಕೆಜಿ ಕಾರ್ಬನ್ ಡೈಆಕ್ಸೈಡ್‌ಗೆ ಸಮ, ಹಾಗಾಗಿ ಹತ್ತಿರ ಹತ್ತಿರ 9 ಕೆಜಿ ಕಟ್ಟಿ ಹಾಕಿದ ಹಾಗೆ. ಇನ್ನು ಅದೇ 10 ಕೆಜಿ ಚಾರ್ ಗ್ಯಾಸ್ ಹೀರೋದು ಎಷ್ಟು? ಏನೂ ಮಾಡದ ಚಾರ್ ಆದ್ರೆ ಶುದ್ಧ ಕಾರ್ಬನ್ ಡೈಆಕ್ಸೈಡ್ ಹಾಯಿಸಿದ್ರೂ ಕೆಜಿಗೆ 20-30 ಗ್ರಾಂ, ಅಂದ್ರೆ ಒಟ್ಟು ಕಾಲು ಕೆಜಿ ಒಂದು ಸಲಕ್ಕೆ. ಹೊರಗಿನ ಗಾಳಿಯಲ್ಲಿ ಆ ಗ್ಯಾಸ್ 0.04 ಪರ್ಸೆಂಟ್ ಅಷ್ಟೇ ಇರೋದ್ರಿಂದ ಬಯಲಲ್ಲಿ ಇಟ್ರೆ ಹೀರೋದು ಲೆಕ್ಕಕ್ಕೇ ಬರಲ್ಲ. ಅದಕ್ಕೇ ಹೇಳಿದ್ದು ಎರಡೂ ಬೇರೆ ಬೇರೆ ಅಂತ, 9 ಕೆಜಿ ಎಲ್ಲಿ ಕಾಲು ಕೆಜಿ ಎಲ್ಲಿ. ಸ್ಲಡ್ಜ್ ಚಾರ್ ಹವಾಮಾನಕ್ಕೆ ಮಾಡೋ ಉಪಕಾರ ಮುಖ್ಯವಾಗಿ ಅದು ಚಾರ್ ಆಗಿ ಉಳಿಯೋದ್ರಿಂದ.

ಐದನೇ ಹೆಜ್ಜೆ: ಗ್ಯಾಸ್ ಹೀರೋ ಶಕ್ತಿ ಹೆಚ್ಚಿಸೋದು, ಲ್ಯಾಬಲ್ಲಿ ಮಾತ್ರ

ಕಾರ್ಬನ್ ಡೈಆಕ್ಸೈಡ್ ಹಿಡಿಯೋಕೆ ಬೇಕಾಗಿರೋದು ಒಂದು ನ್ಯಾನೋಮೀಟರ್‌ಗಿಂತ ಸಣ್ಣ ರಂಧ್ರ. ಸ್ಲಡ್ಜ್ ಚಾರ್‌ನಲ್ಲಿ ಬೂದಿ ಕೂತು ಆ ರಂಧ್ರಗಳು ಮುಚ್ಚಿರ್ತವೆ. ತೆಳು ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ನೆನೆಸಿ ತೊಳೆದ್ರೆ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೋಗಿ ಸ್ವಲ್ಪ ತೆರೆದುಕೊಳ್ಳತ್ತೆ. ಅದಕ್ಕಿಂತ ಮುಂದೆ ಹೋಗಬೇಕು ಅಂದ್ರೆ ಚಾರ್‌ಗೆ ಸಮ ತೂಕ ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಬೆರೆಸಿ, ನೈಟ್ರೋಜನ್ ಹಾಯಿಸ್ತಾ 700 ಡಿಗ್ರಿಲಿ ಒಂದು ಗಂಟೆ ಇಟ್ಟು, ತಣ್ಣಗಾದ್ಮೇಲೆ ಆಸಿಡ್ಡು ನೀರು ಹಾಕಿ ಪಿಎಚ್ 7 ಬರೋ ತನಕ ತೊಳೀಬೇಕು. ಹೀಗೆ ಮಾಡಿದ ಸ್ಲಡ್ಜ್ ಚಾರ್ ಕೆಜಿಗೆ 60ರಿಂದ 100 ಗ್ರಾಂ ತನಕ ಹೀರಬಹುದು. ಆದ್ರೆ ಆ ಕ್ಷಾರ ಚರ್ಮ ಕಣ್ಣು ಸುಟ್ಟುಬಿಡತ್ತೆ, ಟ್ಯೂಬ್ ಫರ್ನೇಸು ಫ್ಯೂಮ್ ಹುಡ್ಡು ಇಲ್ಲದ ಕಡೆ ಇದನ್ನ ಯೋಚನೆನೂ ಮಾಡ್ಬೇಡಿ. ತೊಳೆದ ನೀರಲ್ಲಿ ಲೋಹ ಕರಗಿರತ್ತೆ, ಅದನ್ನ ಸಿಂಕಿಗೆ ಸುರೀಬಾರದು, ಸುಣ್ಣ ಹಾಕಿ ತಳಕ್ಕೆ ಕೂರಿಸಿ ಬೇರೆ ಮಾಡಬೇಕು.

ಆರನೇ ಹೆಜ್ಜೆ: ನಿಜವಾಗ್ಲೂ ಹೀರತ್ತಾ ಅಂತ ತೂಗಿ ನೋಡೋದು

ದೊಡ್ಡ ಮೆಷಿನ್ ಇಲ್ಲದೇನೂ ಒಂದು ಅಂದಾಜು ಸಿಗತ್ತೆ. ಚಾರ್‌ನ 110 ಡಿಗ್ರಿಲಿ ರಾತ್ರಿಯೆಲ್ಲ ಒಣಗಿಸಿ, ಮುಚ್ಚಿದ ಡಬ್ಬದಲ್ಲೇ ತಣ್ಣಗೆ ಮಾಡಿ. 250 ಮಿಲಿ ಗಾಜಿನ ಬಾಟಲಿಗೆ 100 ಗ್ರಾಂ ಹಾಕಿ, ಮುಚ್ಚಳ ಸಮೇತ ಚಿನ್ನ ತೂಗೋ ಥರದ ಸೆಂಟಿಗ್ರಾಂ ತಕ್ಕಡಿಯಲ್ಲಿ ತೂಗಿ. ವೆಲ್ಡಿಂಗ್ ಅಂಗಡೀಲಿ ಸಿಗೋ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿಂದ ಸಣ್ಣ ಪೈಪಲ್ಲಿ ಬಾಟಲಿ ತಳಕ್ಕೆ ನಿಧಾನ ಅರ್ಧ ಗಂಟೆ ಬಿಡಿ, ಬಾಟಲಿ ಬೆಚ್ಚಗಾದ್ರೆ ಹೀರ್ತಾ ಇದೆ ಅಂತ ಅರ್ಥ. ಮತ್ತೆ ತಣ್ಣಗಾದ್ಮೇಲೆ ಮುಚ್ಚಳ ಹಾಕಿ ತೂಗಿ. ಇದೇ ಬಾಟಲಿಗೆ ಒಣ ಮರಳು ತುಂಬಿ ಕೂಡ ಇದನ್ನೇ ಮಾಡ್ಬೇಕು, ಯಾಕಂದ್ರೆ ಬಾಟಲಿಯೊಳಗಿನ ಗಾಳಿ ಹೋಗಿ ಭಾರದ ಗ್ಯಾಸ್ ತುಂಬ್ಕೊಂಡಿದ್ದಕ್ಕೇ 0.1 ಗ್ರಾಂ ಆಸುಪಾಸು ತೂಕ ಏರತ್ತೆ, ಅದನ್ನ ಕಳೀಬೇಕು. ಕೋಲಾರ ಸಮುದ್ರ ಮಟ್ಟದಿಂದ ಸುಮಾರು 850 ಮೀಟರ್ ಎತ್ತರ, ಇಲ್ಲಿ ಗಾಳಿ ಒತ್ತಡ ಹತ್ತಿರ ಹತ್ತಿರ ಹತ್ತು ಪರ್ಸೆಂಟ್ ಕಮ್ಮಿ, ಸಂಶೋಧನಾ ಪೇಪರ್‌ಗಳಲ್ಲಿ ಬರೆದಿರೋದಕ್ಕಿಂತ ಸ್ವಲ್ಪ ಕಮ್ಮಿ ಬಂದ್ರೆ ಗಾಬರಿ ಆಗ್ಬೇಡಿ. ಕಿಟಕಿ ಬಾಗಿಲು ತೆರೆದಿರ್ಲಿ, ಮುಚ್ಚಿದ ರೂಮಲ್ಲಿ ಈ ಗ್ಯಾಸ್ ನೆಲದ ಹತ್ರ ತುಂಬ್ಕೊಂಡ್ರೆ ಉಸಿರು ಕಟ್ಟತ್ತೆ.

ಏಳನೇ ಹೆಜ್ಜೆ: ಎಲ್ಲಿ ಬಳಸೋದು

ಈ ಹೀರೋ ಗುಣ ನಮ್ಮಲ್ಲಿ ನಿಜವಾಗಿ ಕೆಲಸಕ್ಕೆ ಬರೋದು ಗೋಬರ್ ಗ್ಯಾಸಿಗೆ. ಹೈನುಗಾರಿಕೆ ಜಿಲ್ಲೆ ನಮ್ಮದು, ಗೋಬರ್ ಗ್ಯಾಸಲ್ಲಿ 35-40 ಪರ್ಸೆಂಟ್ ಕಾರ್ಬನ್ ಡೈಆಕ್ಸೈಡೇ ಇರತ್ತೆ, ಜೊತೆಗೆ ಕೊಳೆತ ಮೊಟ್ಟೆ ನಾತದ ಹೈಡ್ರೋಜನ್ ಸಲ್ಫೈಡ್. ಆ ಗ್ಯಾಸ್‌ನ ಸ್ಲಡ್ಜ್ ಚಾರ್ ಮೂಲಕ ಹಾಯಿಸಿದ್ರೆ ಅದರ ಬೂದಿಯಲ್ಲಿರೋ ಕಬ್ಬಿಣ, ಕ್ಯಾಲ್ಸಿಯಂ ಈ ಹೈಡ್ರೋಜನ್ ಸಲ್ಫೈಡ್‌ನ ತುಂಬಾ ಚೆನ್ನಾಗಿ ಹಿಡಿಯತ್ತೆ, ಬೂದಿ ಜಾಸ್ತಿ ಅಂತ ಬೈದುಕೊಂಡಿದ್ದೇ ಇಲ್ಲಿ ಅನುಕೂಲ. ಗ್ಯಾಸಲ್ಲಿ ತೇವ ಇದ್ರೆ ನೀರೇ ರಂಧ್ರ ಹಿಡ್ಕೊಂಡು ಕಾರ್ಬನ್ ಡೈಆಕ್ಸೈಡ್‌ಗೆ ಜಾಗ ಬಿಡಲ್ಲ, ಹಾಗಾಗಿ ಮೊದಲು ಒಂದು ನೀರು ಹಿಡಿಯೋ ಬಾಟಲಿ ಇಡಿ. ತುಂಬಿದ ಚಾರ್‌ನ ಮೀಥೇನ್ ಪೂರ್ತಿ ಹೊರಗೆ ಹೋದ್ಮೇಲೆ, ಬೆಂಕಿ ಇಲ್ಲದ ಕಡೆ, 100 ಡಿಗ್ರಿ ಹತ್ರ ಬಿಸಿ ಮಾಡಿದ್ರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಮತ್ತೆ ರೆಡಿ, ಗಂಧಕ ಹಿಡಿದಿರೋದು ಮಾತ್ರ ವಾಪಸ್ ಬರಲ್ಲ. ಬಿಟ್ಟ ಗ್ಯಾಸ್‌ನ ಪಾಲಿಹೌಸಿಗೆ ಕೊಡ್ಬಹುದಲ್ವಾ ಅಂತ ಕೇಳೋರಿದ್ದಾರೆ, ನಮ್ಮ ಕಡೆ ಪಾಲಿಹೌಸುಗಳು ಗಾಳಿ ಆಡೋ ಹಾಗೆ ಪಕ್ಕ ತೆರೆದಿರೋದು, ಕೊಟ್ಟಿದ್ದು ಗಿಡಕ್ಕೆ ಸಿಗೋ ಮೊದಲೇ ಹೊರಗೆ ಹೋಗತ್ತೆ.

ಕೊನೇಗೆ ಚಾರ್ ಎಲ್ಲಿಗೆ ಹೋಗಬೇಕು ಅನ್ನೋದು. ಯುರೋಪಿನ ಗೊಬ್ಬರ ನಿಯಮದಲ್ಲಿ ಬಯೋಚಾರ್ ಮಾಡೋಕೆ ಕೊಳಚೆ ಸ್ಲಡ್ಜ್ ಬಳಸೋ ಹಾಗಿಲ್ಲ, ಆದ್ರಿಂದ ನಾವೂ ಟೊಮ್ಯಾಟೊ, ಸೊಪ್ಪು, ಕ್ಯಾರೆಟ್ ಬೆಳೆಯೋ ಹೊಲಕ್ಕೆ ಹಾಕೋದು ಬೇಡ. ಹಿಪ್ಪುನೇರಳೆಗೂ ಬೇಡ, ಸೊಪ್ಪಿನ ಮೂಲಕ ಲೋಹ ಹುಳಕ್ಕೆ ಹೋಗೋ ಸಾಧ್ಯತೆ ಇದೆ. ಲ್ಯಾಬ್ ರಿಪೋರ್ಟ್ ಮಿತಿಯೊಳಗಿದ್ರೆ ರಸ್ತೆ ಬದಿ ಹೊಂಗೆ, ಬೇವಿನ ಗುಂಡಿಗೆ ಮಣ್ಣಿನ ಹತ್ತರಲ್ಲಿ ಒಂದು ಪಾಲು ಬೆರೆಸಿ, ಒಂದೆರಡು ವಾರ ಸಗಣಿ ನೀರಲ್ಲಿ ನೆನೆಸಿಟ್ಟು ಹಾಕಿದ್ರೆ ಒಳ್ಳೇದು, ಸ್ಲಡ್ಜಿನ ರಂಜಕ ಬಹುಪಾಲು ಚಾರ್‌ನಲ್ಲೇ ಉಳಿದಿರತ್ತೆ. ಪಿಎಚ್ ಸಾಮಾನ್ಯವಾಗಿ 8ರಿಂದ 10, ಚೌಳು ಮಣ್ಣಿಗೆ ಹಾಕ್ಬೇಡಿ. ರಿಪೋರ್ಟ್ ಮಿತಿ ದಾಟಿದ್ರೆ ಗಿಡಕ್ಕೂ ಬೇಡ, ಸಿಮೆಂಟ್ ಬ್ಲಾಕಿಗೆ ಸ್ವಲ್ಪ ಪ್ರಮಾಣದಲ್ಲಿ ಸೇರಿಸಿ ಗಟ್ಟಿತನ ಟೆಸ್ಟ್ ಮಾಡಿಸಿ, ಲೋಹ ನೀರಿಗೆ ಬಿಡತ್ತಾ ಅಂತಾನೂ ನೋಡಿಸಿ. ಮಾಲೂರಿನ ಇಟ್ಟಿಗೆ ಗೂಡಿಗೆ ಮಾತ್ರ ಕಳಿಸ್ಬೇಡಿ, ಗೂಡಿನ ಬೆಂಕಿಗೆ ಚಾರ್ ಪೂರ್ತಿ ಉರಿದು ನೀವು ಕಟ್ಟಿ ಹಾಕಿದ 9 ಕೆಜಿನೂ ಗಾಳಿಗೆ ವಾಪಸ್ ಹೋಗತ್ತೆ. ಪ್ರತಿ ಸಲ ಮಾಡಿದಾಗ್ಲೂ ಸ್ಲಡ್ಜ್ ಎಲ್ಲಿಂದ ತಂದಿದ್ದು, ಒಣ ತೂಕ, ಎಷ್ಟು ಡಿಗ್ರಿ, ಚಾರ್ ತೂಕ, ಸೌದೆ ಎಷ್ಟು ಸುಟ್ಟಿದ್ದು, ಚಾರ್ ಯಾವ ಜಾಗಕ್ಕೆ ಹೋಯ್ತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಸುಟ್ಟ ಸೌದೆ ಹಸಿರು ಮರ ಕಡಿದು ತಂದಿದ್ದಾದ್ರೆ ಅದರಿಂದ ಬಂದ ಕಾರ್ಬನ್ ಡೈಆಕ್ಸೈಡನ್ನೂ ಆ 9 ಕೆಜಿಯಿಂದ ಕಳೀಬೇಕು.